ನಿಮಗಿದು ಗೊತ್ತೆ? ರೊಟ್ಟಿಯ ಜಪಸರ ಹಿಡಿದು ಕಾವ್ಯ ಕಟ್ಟಿದ ಕೈದಿ

1970ರಲ್ಲಿ ನೊಬೆಲ್ ಪಡೆದ ರಷ್ಯನ್ ಲೇಖಕ ಅಲೆಕ್ಸಾಂಡರ್ ಸೊಲ್ಝೆನಿತ್ಸಿನ್, ಸ್ಟಾಲಿನ್ ಕಾಲದ ಸೆರೆಶಿಬಿರದಲ್ಲಿ ಪದ್ಯ ಕಟ್ಟಿ ಬಾಯಿಪಾಠ ಮಾಡುತ್ತಿದ್ದರು. ಕಾಗದದಲ್ಲಿ ಬರೆದಿಟ್ಟರೆ ಸಿಕ್ಕಿಬೀಳುವ ಭಯ. ಲಿಥುವೇನಿಯಾದ ಕ್ಯಾಥೊಲಿಕ್ ಕೈದಿಗಳು ರೊಟ್ಟಿ ನೆನೆಸಿ, ನಾದಿ, ಮಣಿ ಮಾಡಿ ಜಪಸರ ಪೋಣಿಸುವುದನ್ನು ಕಂಡು ತಮಗೂ ಒಂದು ಮಾಡಿಸಿಕೊಂಡರು. ಆ ಮಣಿ ಸರಿಸುತ್ತ ಸಾಲು ಎಣಿಸಿದರು. ಹೀಗೆ ನೆನಪಿನಲ್ಲಿ ಉಳಿಸಿಕೊಂಡದ್ದು ಸುಮಾರು 12,000 ಸಾಲು!

ಮಾರ್ಕ್ಸ್‌ವಾದಕ್ಕೆ ಒಲಿದು ಬಿಟ್ಟಿದ್ದ ಬಾಲ್ಯದ ಕ್ರೈಸ್ತ ನಂಬಿಕೆ ಅವರಿಗೆ ಮರಳಿ ದಕ್ಕಿದ್ದೂ ಸೆರೆಯಲ್ಲೇ. 1952ರಲ್ಲಿ ಕಜಕಸ್ತಾನದ ಎಕಿಬಾಸ್ತುಜ್ ಶಿಬಿರದಲ್ಲಿ ಗೆಡ್ಡೆಯ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ, ಕೈದಿಯೇ ಆಗಿದ್ದ ವೈದ್ಯ ಬೋರಿಸ್ ಕಾರ್ನ್‌ಫೆಲ್ಡ್ ಪಕ್ಕದಲ್ಲಿ ಕೂತು, ಯೆಹೂದಿಯಾಗಿದ್ದ ತಾವು ಕ್ರಿಸ್ತನನ್ನು ನಂಬಿದ ಕಥೆ ಹೇಳಿದರು. ಅದೇ ರಾತ್ರಿ ಆ ವೈದ್ಯರ ಕೊಲೆಯಾಯಿತು.