ಹಗಲಿಗೆ ಬಿಟ್ಟುಕೊಟ್ಟ ಮೇಜು

ವಿಜ್ಞಾನದಲ್ಲಿ ಪ್ರಖ್ಯಾತರಾದವರೆಲ್ಲರೂ ವಿದ್ಯಾರ್ಥಿಗಳ ವಿಷಯದಲ್ಲಿ ಉದಾರಿಗಳಾಗಿರುವರೆಂದು ನಾವು ಭಾವಿಸುವದುಂಟು. ಕಮಲಾಬಾಯಿ ಭಾಗವತರ ಚರಿತ್ರೆಯನ್ನು ಓದಿದ ಸೋದರಿಯರಿಗೆ ಅದು ಅರ್ಧ ಮಾತ್ರ ನಿಜವೆಂದು ತಿಳಿಯುವದು.

1911ರಲ್ಲಿ ಇಂದೂರಿನಲ್ಲಿ ಜನಿಸಿದ ಇವರು 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ತಂದೆಯವರು ಓದಿದ ಬೆಂಗಳೂರಿನ ಟಾಟಾ ವಿಜ್ಞಾನಮಂದಿರದಲ್ಲಿಯೇ ಸಂಶೋಧನೆ ಮಾಡಬೇಕೆಂಬುದು ಅವರ ಇಚ್ಛೆ. ಆಗ ಅಲ್ಲಿಯ ನಿರ್ದೇಶಕರು ಸರ್ ಸಿ. ವಿ. ರಾಮನ್ ಅವರು. ಹೆಣ್ಣೆಂಬ ಕಾರಣಕ್ಕಾಗಿಯೇ ಅರ್ಜಿಯು ತಿರಸ್ಕೃತವಾಯಿತು! ಕಮಲಾಬಾಯಿಯವರು ಬೆಂಗಳೂರಿಗೇ ಬಂದು, ಪ್ರವೇಶ ದೊರೆಯುವ ತನಕ ಹಟವನ್ನು ಬಿಡಲಿಲ್ಲ. ಕಡೆಗೆ ಒಂದು ವರುಷದ ಮಟ್ಟಿಗೆ, ಪರೀಕ್ಷಾರ್ಥವಾಗಿ, ಕಠಿಣವಾದ ಷರತ್ತುಗಳ ಮೇಲೆ ಸೇರಿಸಿಕೊಂಡರು. ರಾಮನ್ನರ ಕೀರ್ತಿಯನ್ನು ಕುಂದಿಸುವ ಉದ್ದೇಶವು ನಮಗಿಲ್ಲ. ಆದರೆ ನಡೆದುದನ್ನು ಮರೆಮಾಚುವದೂ ಯೋಗ್ಯವಲ್ಲ.

ಅಲ್ಲಿ ದೊರೆತ ಗುರುಗಳು ಶ್ರೀನಿವಾಸಯ್ಯನವರು. ಬಹು ಶಿಸ್ತಿನವರಾದರೂ ಕಲಿಯಬೇಕೆಂಬವರಿಗೆ ಧಾರಾಳವಾಗಿ ಕಲಿಸುವವರು. ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನೆಂಬ ಪುಷ್ಟಿದ್ರವ್ಯವೇ ಸಂಶೋಧನೆಯ ವಿಷಯವಾಯಿತು. ನಮ್ಮ ಮನ್ನಳ್ಳಿಯ ಹೊಲಗಳಲ್ಲಿ ಬೆಳೆದು ದಿನವೂ ಒಲೆಯ ಮೇಲೆ ಬೇಯುವ ಬೇಳೆಯಲ್ಲಿಯೂ ಇಂಥ ಶಾಸ್ತ್ರವು ಅಡಗಿರುವದನ್ನು ಎಷ್ಟು ಮಂದಿ ಬಲ್ಲೆವು? ವರುಷ ಕಳೆಯಲು ರಾಮನ್ನರೂ ತೃಪ್ತರಾದರು, 1936ರಲ್ಲಿ ಎಂ.ಎಸ್‌ಸಿ. ಪದವಿಯು ದೊರೆಯಿತು. ಆ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು.

1937ರಲ್ಲಿ ಅವರು ಕೇಂಬ್ರಿಜ್ ಪಟ್ಟಣಕ್ಕೆ ತೆರಳಿದರು. ಜೀವಸತ್ವಗಳ ಶೋಧಕ್ಕಾಗಿ 1929ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಹಾಪ್ಕಿನ್ಸ್ ಮಹಾಶಯರ ಪ್ರಯೋಗಶಾಲೆಯು ಅಲ್ಲಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಡೆರಿಕ್ ರಿಕ್ಟರ್ ಎಂಬ ಶಾಸ್ತ್ರಜ್ಞರು ತಮ್ಮ ಮೇಜನ್ನು ಹಗಲು ಹೊತ್ತಿನಲ್ಲಿ ಈ ಪರದೇಶದ ವಿದ್ಯಾರ್ಥಿನಿಗೆ ಬಿಟ್ಟುಕೊಟ್ಟರು. ಒಂದು ಮೇಜು, ಅಷ್ಟೇ! ಸುವಾರ್ತೆಯು ಹೊಗಳುವ ತಣ್ಣೀರಿನ ಪಾತ್ರೆಯೂ ಇಷ್ಟೇ ಚಿಕ್ಕದು. ಬೆಂಗಳೂರಿನಲ್ಲಿ ಪ್ರವೇಶಕ್ಕಾಗಿಯೇ ಹೋರಾಡಬೇಕಾಗಿದ್ದವರಿಗೆ, ಇಲ್ಲಿ ಕೇಳದೆಯೇ ದೊರೆತ ಆ ಸ್ಥಳವು ಎಂಥ ಧೈರ್ಯವನ್ನು ಕೊಟ್ಟಿರಬಹುದು!

ರಿಕ್ಟರರ ತರುವಾಯ ರಾಬಿನ್ ಹಿಲ್ ಎಂಬವರ ಮಾರ್ಗದರ್ಶನದಲ್ಲಿ ಆಲೂಗಡ್ಡೆಯನ್ನು ಪರೀಕ್ಷಿಸುತ್ತಿರುವಾಗ ಸೈಟೋಕ್ರೋಮ್ ‘ಸಿ’ ಎಂಬ ದ್ರವ್ಯವು ಸಸ್ಯಗಳಲ್ಲಿಯೂ ಇರುವದನ್ನು ಕಮಲಾಬಾಯಿಯವರು ಕಂಡುಹಿಡಿದರು. ಜೀವಕಣಗಳು ಆಮ್ಲಜನಕದ ಸಹಾಯದಿಂದ ಶಕ್ತಿಯನ್ನು ಪಡೆಯುವ ಕ್ರಿಯೆಯಲ್ಲಿ ಇದಕ್ಕೆ ಮುಖ್ಯ ಸ್ಥಾನವುಂಟು. ಸುಮಾರು 40 ಪುಟಗಳ ಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ಪದವಿಯು ಲಭಿಸಿತು.

ಆ ವರುಷವೇ ಸ್ವದೇಶಕ್ಕೆ ಮರಳಿದ ಇವರು ದಿಲ್ಲಿ, ಕೂನೂರು, ಮುಂಬಯಿಗಳಲ್ಲಿ ಸೇವೆಗೈದರು. ವಿವಾಹಾನಂತರ ಸೊಹೊನಿಯವರೆಂದು ಪ್ರಸಿದ್ಧರಾದರು. ನೀರಾ ಪಾನೀಯದಲ್ಲಿರುವ ಜೀವಸತ್ವಗಳನ್ನೂ ಕಬ್ಬಿಣದ ಅಂಶವನ್ನೂ ಪರೀಕ್ಷಿಸಿ, ಅದು ಪುಷ್ಟಿಯಿಲ್ಲದ ಮಕ್ಕಳಿಗೂ ಗರ್ಭಿಣಿಯರಿಗೂ ಹಿತಕರವೆಂದು ತೋರಿಸಿದ ಕೆಲಸಕ್ಕಾಗಿ ರಾಷ್ಟ್ರಪತಿಗಳ ಪ್ರಶಸ್ತಿಯು ಅವರಿಗೆ ದೊರೆಯಿತು.