ಮೋಟಾರು ಗಾಡಿಯ ಜ್ವರ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ, ಶಿರಾಳಕೊಪ್ಪವನ್ನು ದಾಟಿದ ಮೇಲೆ, ನನ್ನ ತಂಗಿಯ ಮಗನ ಗಾಡಿಯು ಹಬೆಯನ್ನುಗುಳುತ್ತ ನಿಂತುಬಿಟ್ಟಿತು. ಅದು ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾಗುತ್ತಿದ್ದ ಎಂ.ಜಿ.ಬಿ. ಜಾತಿಯ, ಇಬ್ಬರು ಕೂರತಕ್ಕ ಸ್ಪೋರ್ಟ್ಸ್ ಕಾರು. ಚಳಿದೇಶದ ಗಾಡಿಗೆ ನಮ್ಮ ಚೈತ್ರದ ಬಿಸಿಲು ಒಗ್ಗದೆಂದು ನಾನು ಹೇಳುತ್ತಿರುವಷ್ಟರಲ್ಲಿಯೇ ಹುಡುಗನು ಆತುರಪಟ್ಟು ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದನು. ಕುದಿನೀರು ಚಿಮ್ಮಿ ಅವನ ಮುಂಗೈ ಬೆಂದುಹೋಯಿತು. ಇಂಕು ತರಲು ಓಡಿದವರನ್ನು ತಡೆದು, ಸಮೀಪದ ಮನೆಯೊಂದರಲ್ಲಿ 20 ನಿಮಿಷ ತಣ್ಣೀರು ಸುರಿಸಿ, ಬಳಿಕ ವೈದ್ಯರಲ್ಲಿಗೆ ಕರೆದೊಯ್ದೆವು.

ಆ ಮುಚ್ಚಳವು ಬರಿಯ ಮುಚ್ಚಳವಲ್ಲ. ಒಳಗಿನ ಒತ್ತಡವನ್ನು ಹಿಡಿದಿಡುವ ಸಾಧನ. ಚದರಂಗುಲಕ್ಕೆ 7 ಪೌಂಡು ಒತ್ತಡವಿದ್ದರೆ ನೀರು ಸುಮಾರು 110 ಡಿಗ್ರಿಯವರೆಗೆ ಕುದಿಯದು. ಮುಚ್ಚಳ ಸಡಿಲವಾದೊಡನೆ ಒತ್ತಡವು ತಪ್ಪಿ, ಅಷ್ಟು ನೀರೂ ಒಮ್ಮೆಲೇ ಉಕ್ಕುವುದು.

ಗಾಯ ಮಾಯುವವರೆಗೆ ಉಪದೇಶಗಳಿಗೆ ಬರವಿರಲಿಲ್ಲ. ಥರ್ಮೋಸ್ಟಾಟನ್ನು ಕಿತ್ತೆಸೆಯಿರಿ ಎಂದರು ಒಬ್ಬರು. ಹೊಸ ರೇಡಿಯೇಟರನ್ನೇ ಕೊಳ್ಳಿರಿ ಎಂದರು ಮತ್ತೊಬ್ಬರು. ಸಂಸ್ಕೃತದಲ್ಲಿ ‘ನಿದಾನ’ವೆಂದರೆ ರೋಗದ ಮೂಲವನ್ನು ಹುಡುಕುವುದು, ನಮ್ಮ ಮಾತಿನ ‘ನಿಧಾನ’ಕ್ಕೂ ಅದಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ. ಇಲ್ಲಿ ಎರಡೂ ಬೇಕಾಗಿದ್ದವು. ನಿಂತಾಗ ಮಾತ್ರ ಗಾಡಿಯು ಕಾಯುತ್ತಿದ್ದರೆ ಫ್ಯಾನಿನ ಮೇಲೆ ಸಂಶಯಪಡಬೇಕು. ವೇಗದಿಂದ ಓಡುವಾಗ ಕಾಯುತ್ತಿದ್ದರೆ ನೀರಿನ ಹರಿವಿನ ಮೇಲೆ. ಇದು ಸಂತೆಯ ಜನಜಂಗುಳಿಯಲ್ಲಿ ಸುಮ್ಮನಿದ್ದು, ಬಯಲುದಾರಿಯಲ್ಲಿ ಕೆರಳುತ್ತಿತ್ತು. ರೇಡಿಯೇಟರನ್ನು ಬಿಚ್ಚಿಸಿ ನೋಡಿದರೆ, ಎಷ್ಟೋ ವರ್ಷ ಸುರಿದ ಕೊಳವೆಬಾವಿಯ ಗಡಸುನೀರಿನಿಂದ, ನಮ್ಮ ಬಚ್ಚಲಿನ ಹಂಡೆಯಲ್ಲಿರುವಂತೆಯೇ, ನಳಿಗೆಗಳೊಳಗೆ ಬಿಳಿಯ ಕಿಟ್ಟ ಕಟ್ಟಿತ್ತು!

ತೊಳೆದರೆ ಸಾಲದಾಯಿತು. ಅಲ್ಯುಮಿನಿಯಮ್ಮಿನದನ್ನು ಹಾಕಿಸಬೇಕೆಂದು ಹುಡುಗನ ಆಶೆ. ಶಾಖವನ್ನು ಸಾಗಿಸುವುದರಲ್ಲಿ ತಾಮ್ರವೇ ಮೇಲು. ಆದರೆ ಅಲ್ಯುಮಿನಿಯಮ್ಮಿನ ನಳಿಗೆಗಳನ್ನು ಅಗಲವಾಗಿ ಮಾಡಬಹುದಾದುದರಿಂದ ಅದೂ ಹಿಂದೆ ಬೀಳದು, ಹಗುರವೂ ಹೌದು. ಕಡೆಗೆ ಗಾಡಿಯ ಹಳೆಯ ರೂಪವನ್ನು ಕೆಡಿಸಬಾರದೆಂದು, ಹಿತ್ತಾಳೆಯ ತೊಟ್ಟಿಗಳನ್ನು ಹಾಗೆಯೇ ಉಳಿಸಿ, ನಡುವೆ ಒಂದು ಸಾಲು ನಳಿಗೆ ಹೆಚ್ಚಾಗಿರುವ ಹೊಸ ತಾಮ್ರದ ಒಡಲನ್ನು ಬೆಸುಗೆ ಹಾಕಿಸಿದೆವು. ಎಂಜಿನ್ನಿನೊಳಗನ್ನೂ ತಿಳಿನೀರು ಬರುವವರೆಗೆ ತೊಳೆಸಿದೆವು. ಇಲ್ಲದಿದ್ದರೆ ಆ ಕೊಳೆಯೇ ಹೊಸ ನಳಿಗೆಗಳನ್ನು ಸೇರುತ್ತಿತ್ತು. ಥರ್ಮೋಸ್ಟಾಟನ್ನು ಕೀಳಿಸಲಿಲ್ಲ. ಅದಿಲ್ಲದೆ ಎಂಜಿನು ಬೇಗ ಹದಕ್ಕೆ ಬಾರದೆ ವೃಥಾ ಸವೆಯುವುದು.

ಈಗ ಬಟ್ಟಿಯಿಳಿಸಿದ ನೀರಿಗೆ ಸಮಪಾಲು ಗ್ಲೈಕಾಲ್ ದ್ರವವನ್ನು ಬೆರೆಸಿ ತುಂಬುತ್ತಾನೆ. ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲವಾದರೂ, ಅದು ಕುದಿಯುವ ಮಟ್ಟವನ್ನು ಏರಿಸುವುದು. ಅದರೊಡನೆ ಬರುವ ಮದ್ದುಗಳು ತುಕ್ಕನ್ನು ತಡೆಯುವುವು. ಆದರೆ ಗೃಹಿಣಿಯರು ತಿಳಿದಿರಬೇಕು: ಈ ದ್ರವವು ಸಿಹಿಯಾದ ವಿಷ. ಮಕ್ಕಳಿಗೂ ನಾಯಿಗಳಿಗೂ ನಿಲುಕುವಂತೆ ಇಡಕೂಡದು.

ಕಳೆದ ವೈಶಾಖದಲ್ಲಿ ಅದೇ ಗಾಡಿಯಲ್ಲಿ ಸೊರಬಕ್ಕೆ ಹೋಗಿಬಂದೆನು, ಸೂಚಿಯು ಮೇಲೇರಲಿಲ್ಲ. ನೀರಿನ ಮಟ್ಟ ನೋಡಬೇಕಾದಾಗ ಹುಡುಗನು ಎಂಜಿನನ್ನು ನಿಲ್ಲಿಸಿ, ಅದು ತಣಿಯುವವರೆಗೆ ಚಹದಂಗಡಿಯ ಬೆಂಚಿನ ಮೇಲೆ ಕುಳಿತಿರುತ್ತಾನೆ.