ರಕ್ತದೊಳಗಣ ಸುಳಿವು

ಪಂಚನಹಳ್ಳಿಯ ತಾಯಂದಿರೇ, ಅಕ್ಕತಂಗಿಯರೇ,
ಒಡಲಿನ ಆಳದಲ್ಲಿ ಸದ್ದಿಲ್ಲದೆ ಬೆಳೆಯುವ
ಅಂಡಾಶಯದ ಕ್ಯಾನ್ಸರಿನ ಸುಳಿವನ್ನು
ರಕ್ತವು ಮುಂಚಿತವಾಗಿಯೇ ನುಡಿಯಬಲ್ಲುದೇ?

ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು,
ಇವೆಲ್ಲ ಬರಿಯ ಅಜೀರ್ಣದಂತೆ ತೋರುವುದರಿಂದ,
ಈ ವ್ಯಾಧಿಯು ಬಹುಮಟ್ಟಿಗೆ ಹರಡಿದ ಬಳಿಕವೇ
ವೈದ್ಯರಿಗೆ ಗೋಚರವಾಗುತ್ತದೆ.

ಸಿಎ-125 ಎಂಬ ಹಳೆಯ ರಕ್ತಪರೀಕ್ಷೆಯಿದೆ.
ಆದರೆ 2 ಲಕ್ಷಕ್ಕೂ ಮಿಕ್ಕ ಸ್ತ್ರೀಯರು ಪಾಲ್ಗೊಂಡ ಬ್ರಿಟನ್ನಿನ ಅಧ್ಯಯನವು,
ಆರೋಗ್ಯವಂತರೆಲ್ಲರಿಗೂ ಅದನ್ನು ಮಾಡಿದರೂ
ಮರಣಗಳು ತಗ್ಗಲಿಲ್ಲವೆಂದು 2021ರಲ್ಲಿ ಸಾರಿತು.

ಆದುದರಿಂದ ವಿಜ್ಞಾನಿಗಳು ಈಗ ಅರಸುತ್ತಿರುವುದು,
ಗಡ್ಡೆಯು ರಕ್ತಕ್ಕೆ ಉದುರಿಸುವ ಡಿಎನ್‌ಎ ತುಣುಕುಗಳನ್ನು;
ಅಯ್ಯನಕೆರೆಗೆ ತೇಲಿಬಂದ ಎಲೆಯೊಂದನ್ನು ಕಂಡು,
ಗಿರಿಯ ಮೇಲಣ ಯಾವ ಮರಕ್ಕೆ ರೋಗ ತಗುಲಿತೆಂದು
ಬಲ್ಲವರು ಹೇಳುವಂತೆ.
ಆ ವಿದ್ಯೆ ಇನ್ನೂ ಪಕ್ವವಾಗಿಲ್ಲ;
ಅಂಥ ಪರೀಕ್ಷೆಯ ಜಾಹೀರಾತನ್ನು ನಂಬಿ ದಯವಿಟ್ಟು ಹಣ ತೆರಬೇಡಿರಿ.

ಇಂದೇ ದೊರೆಯುವ ಪರೀಕ್ಷೆಯೂ ಒಂದುಂಟು.
ತಾಯಿಗೋ ಅಕ್ಕನಿಗೋ ಈ ಕ್ಯಾನ್ಸರ್ ಬಂದಿದ್ದಲ್ಲಿ,
ಬಿಆರ್‌ಸಿಎ ಎಂಬ ವಂಶವಾಹಿಯ ದೋಷವು
ನಿಮಗೂ ಇಳಿದುಬಂದಿದೆಯೇ ಎಂಬುದನ್ನು ರಕ್ತವು ತಿಳಿಸುತ್ತದೆ.
ಅದು ತೋರುವುದು ರೋಗವನ್ನಲ್ಲ, ರೋಗದ ಸಂಭವವನ್ನು.
ಅಂಥ ಮನೆಯವರು ಕಡೂರಿನಲ್ಲಿ ರೈಲು ಹತ್ತಿ,
ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದಾಗ,
ಈ ಪರೀಕ್ಷೆ ತಮಗೆ ಅವಶ್ಯವೇ ಎಂದು ವೈದ್ಯರನ್ನು ಕೇಳಲಿ.